ಬಂತಾ ಸಾರ್?

ನಮ್ಮ ಆಫೀಸಿನಲ್ಲಿ ಮೀನಿನ ಜವಾಬ್ದಾರಿ ನನ್ನದು. ಹಡಗಿನಿಂದ ಇಳಿದ ಮರದ ದಿಮ್ಮಿಗಳನ್ನು ರಾಶಿ ಹಾಕಿ, ಲಾರಿಗೆ ತುಂಬಿಸಿ ಕಳಿಸುವ ಯಾರ್ಡು ನಮ್ಮದು, ಪಣಂಬೂರಿನಲ್ಲಿ. ಅಲ್ಲಿ ಬಿಲ್ಲು ಬರೆಯುವುದು ನನ್ನ ಸಂಬಳದ ಕೆಲಸ. ಮಧ್ಯಾಹ್ನ ಯಾರಿಗೆ ಬಂಗುಡೆ, ಯಾರಿಗೆ ಬೂತಾಯಿ, ಯಾರಿಗೆ ಬರೀ ಸಾರು ಎಂದು ಹೋಟೆಲಿಗೆ ತಿಳಿಸುವುದು ನನ್ನ ಸಮಾಜಸೇವೆ. ಒಲಿಂಡಾಳಿಗೆ ಹೇಳಿದರೆ ಮೀನು ತಪ್ಪುವುದಿಲ್ಲ ಎಂದು ಲಾರಿ ಡ್ರೈವರುಗಳೂ ಹೇಳುತ್ತಾರೆ. ಒಲಿಂಡಾ ಎಂದರೆ ನಾನೇ. ಇದನ್ನು ಮೊದಲೇ ಹೇಳಲು ಕಾರಣ, ಈ ಕಥೆಯಲ್ಲಿ ಒಬ್ಬ ಮನುಷ್ಯನ ಕಾಲು ಹೋಗುತ್ತದೆ, ಅದಕ್ಕೂ ಬಂಗುಡೆಗೂ ಸಂಬಂಧ ಉಂಟು. ನಗುವವರು ಮುಂಚೆಯೇ ನಕ್ಕುಬಿಡುವುದು ಒಳ್ಳೆಯದು.

ನಮ್ಮ ಯಾರ್ಡ್ ಆಫೀಸರ್ ಮಹಾಬಲ ಶೆಟ್ಟರು ದೊಡ್ಡ ಮನೆತನದವರು. ಎಷ್ಟು ದೊಡ್ಡದೆಂದರೆ, ಅವರಿಗೆ ಯಾವುದನ್ನೂ ಸುಮ್ಮನೆ ತಿಳಿಸುವ ಹಾಗಿಲ್ಲ, ಹೇಳಿಕೆ ಆಗಬೇಕು. ಮದುವೆಯೋ, ಸತ್ತವರ ಬೊಜ್ಜವೋ, ಮನೆಗೆ ಬಂದು, ಜಗಲಿಯಲ್ಲಿ ಕುಳಿತು, ಕೊಟ್ಟ ನೀರು ಬೆಲ್ಲ ಮುಟ್ಟಿ, ಯಜಮಾನನ ಮುಖ ನೋಡಿ ಹೇಳಿದರೆ ಮಾತ್ರ ಹೇಳಿದ ಹಾಗೆ. ಅವರ ಸ್ವಂತ ತಂಗಿ ಬಜಪೆಯಲ್ಲಿ ಹೊಸ ಮನೆಯ ಒಕ್ಕಲಿಗೆ ಫೋನಿನಲ್ಲಿ ಕರೆದಳು. ಶೆಟ್ಟರು ಹೋಗಲಿಲ್ಲ. ಹೆಂಡತಿ ಕುಶಲಕ್ಕನನ್ನು ಮಾತ್ರ ಕಳಿಸಿ, ತಾವು ಮನೆಯಲ್ಲಿ ಗಂಜಿ ಉಂಡು ಮಾನ ಕಾಪಾಡಿಕೊಂಡರು. ಸಂಜೆ ಕುಶಲಕ್ಕ ಬಂದ ಕೂಡಲೇ ಅವರು ಕೇಳಿದ ಮೊದಲ ಮಾತು, "ಪಾಯಸ ಹೇಗಿತ್ತು?"

ಆಫೀಸಿನಲ್ಲೂ ಅದೇ ರೋಗ. "ನನಗೆ ಯಾರೂ ಹೇಳಲಿಲ್ಲ" ಎಂಬುದು ಅವರ ದಿನದ ಮಂತ್ರ. ಗೋಡೆಗೆ ಬಣ್ಣ ಬಳಿದರೂ ನನಗೆ ಯಾರೂ ಹೇಳಲಿಲ್ಲ, ಬೆಕ್ಕು ಮರಿ ಹಾಕಿದರೂ ನನಗೆ ಯಾರೂ ಹೇಳಲಿಲ್ಲ.

ಹೀಗಿರುವಾಗ ನಮ್ಮ ಮ್ಯಾನೇಜರ್ ಪೃಥ್ವಿರಾಜ್, ಧಣಿಗಳ ಅಳಿಯ, ಎಲ್ಲವೂ ಶೀಟಿನಲ್ಲಿ ಇರಬೇಕೆಂದು ಅಪ್ಪಣೆ ಮಾಡಿದ. ಕಂಪ್ಯೂಟರ್ ನೋಡಿಕೊಳ್ಳುವ ಸಂಚಿತಾ ಒಂದೇ ಶೀಟು ಮಾಡಿ ಎಲ್ಲರ ಫೋನಿಗೂ ಹಂಚಿದಳು. ಅದರಲ್ಲಿ ಲಾರಿಗೊಂದು ಪುಟ, ದಿಮ್ಮಿಗೊಂದು ಪುಟ, ಯಂತ್ರಗಳ ದೂರಿಗೊಂದು ಪುಟ, ನನ್ನ ಮೀನಿಗೊಂದು ಪುಟ. ಯಾರು ಬೇಕಾದರೂ ಬರೆಯಬಹುದು, ಯಾರು ಬೇಕಾದರೂ ತಿದ್ದಬಹುದು.

ಒಂದು ದಿನ ಶೆಟ್ಟರು ಆ ಶೀಟಿನಲ್ಲಿ ತಮ್ಮ ಹೆಸರನ್ನು ಹುಡುಕುತ್ತಾ ಹೋದರು. "ಮಹಾಬಲ ಶೆಟ್ಟಿ, ಯಾರ್ಡ್ ಆಫೀಸರ್" ಎಂದು ಇರಬೇಕಾದ ಜಾಗದಲ್ಲಿ "ಮಹಾಬಲ, ಯಾರ್ಡ್" ಎಂದಿತ್ತು.

"ಒಂದು ವಾರದಿಂದ ನಾನು ಯಾರ್ಡ್ ಆಗಿದ್ದೇನೆ! ನನಗೆ ಯಾರೂ ಹೇಳಲಿಲ್ಲ!"

ಸಂಚಿತಾ ಓಡಿ ಬಂದಳು. "ಸಾರ್, ಅಲ್ಲಿ ಜಾಗ ಸಾಕಾಗಲಿಲ್ಲ. ಅದಕ್ಕೆ ಸ್ವಲ್ಪ ಸಣ್ಣ ಮಾಡಿದೆ."

"ಜಾಗ ಸಣ್ಣದಾದ್ರೆ ಮನುಷ್ಯನನ್ನು ಸಣ್ಣ ಮಾಡುವುದಾ? ಜಾಗ ದೊಡ್ಡ ಮಾಡ್ಲಿಕ್ಕೆ ನಿಮ್ಮ ಕಾಲೇಜಿನಲ್ಲಿ ಹೇಳಿ ಕೊಡಲಿಲ್ವಾ?"

ಹುಡುಗಿ ಪಾಪ, ಸಮಾಧಾನ ಮಾಡಲು ಹೋಗಿ ಊರಿಗೆ ಬೆಂಕಿ ಇಟ್ಟಳು. "ನೋಟಿಫಿಕೇಶನ್ ಹಾಕಿಕೊಳ್ಳಿ ಸಾರ್. ಯಾರಾದ್ರೂ ಏನಾದ್ರೂ ಬದಲಿಸಿದ್ರೆ ಕೂಡಲೇ ನಿಮ್ಮ ಫೋನಿಗೆ ಬರ್ತದೆ."

ಶೆಟ್ಟರ ಮುಖದಲ್ಲಿ ಸಿಟ್ಟು ಇಳಿದು ಇನ್ನೇನೋ ಏರಿತು. "ಕೂಡಲೇ?"

"ಕೂಡಲೇ. ಎಲ್ಲದಕ್ಕೂ ಬೇಡ ಸಾರ್, ಕಿರಿಕಿರಿ ಆಗ್ತದೆ. ದೂರಿನ ಪುಟಕ್ಕೆ ಮಾತ್ರ..."

"ಎಲ್ಲದಕ್ಕೂ."

"ನಾನು ಮಾಡಿ ಕೊಡ್ತೇನೆ, ಕೊಡಿ."

"ನೀನು ಹುಟ್ಟುವ ಮೊದಲೇ ನಾನು ಕಂಪ್ಯೂಟರ್ ಮುಟ್ಟಿದವ. ಹೋಗು."

ಆ ಮಧ್ಯಾಹ್ನ ಶೆಟ್ಟರು ಊಟ ಆರಲು ಬಿಟ್ಟು ಫೋನನ್ನು ತಿವಿಯುತ್ತಾ ಕುಳಿತರು. ಕೊನೆಗೆ ಎಲ್ಲ ಪುಟಕ್ಕೂ, ಎಲ್ಲ ಬದಲಾವಣೆಗೂ, ಆ ಕ್ಷಣಕ್ಕೆ ಬರುವಂತೆ ಮಾಡಿ, ಸಾಮಾನ್ಯ ಸದ್ದು ತಮ್ಮ ಘನತೆಗೆ ಸಾಲದೆಂದು ಯಕ್ಷಗಾನದ ಚೆಂಡೆಯ ಪೆಟ್ಟನ್ನು ಇಟ್ಟುಕೊಂಡರು. ರಾಜನ ಪ್ರವೇಶಕ್ಕೆ ಬಾರಿಸುತ್ತಾರಲ್ಲ, ಅದೇ. ಆಮೇಲೆ ಒಂದು ಸುತ್ತೋಲೆ ಹೊರಟಿತು. ಯಂತ್ರಗಳ ಬಗ್ಗೆ ಬಾಯಿಮಾತಿನ ದೂರನ್ನು ಇನ್ನು ಮುಂದೆ ಪರಿಗಣಿಸಲಾಗುವುದಿಲ್ಲ, ಶೀಟಿನಲ್ಲಿ ಬರೆದದ್ದು ಮಾತ್ರ ದೂರು.

ಇದು ಯಾರ ತಲೆಗೆ ಬಿತ್ತು ಎಂದು ಹೇಳಬೇಕು. ಯಾರ್ಡಿನ ಮೇಸ್ತ್ರಿ ಇದಿನಬ್ಬ. ಕ್ರೇನು ಎತ್ತುವ ದಿಮ್ಮಿಗೆ ಹಗ್ಗ ಸುತ್ತಿಸಿ, ಕೊಕ್ಕೆ ಹಾಕಿಸಿ, ಕೈ ಬೀಸಿ ಮೇಲಕ್ಕೆ ಕಳಿಸುವವ. ಒಳ್ಳೆಯ ಮನುಷ್ಯ, ಆದರೆ ಬಾಯಿ ಬಿಟ್ಟರೆ ಸೊಳ್ಳೆ ಕಚ್ಚಿದ್ದು ಹಾವು ಕಚ್ಚಿದ ಹಾಗೆ. ಬ್ರೇಕಿನಿಂದ ಎಣ್ಣೆ ಒಸರಿದರೆ ಆಫೀಸಿನ ಬಾಗಿಲಲ್ಲಿ ನಿಂತು, "ಸಾರ್, ಇವತ್ತು ಒಬ್ಬ ಸಾಯ್ತಾನೆ!" ಎಂದು ಕೂಗುವವ. ಶೆಟ್ಟರು ಬೈಯುತ್ತಾ ಎದ್ದು, ಚಪ್ಪಲಿ ಹುಡುಕಿ, ಯಾರ್ಡಿಗೆ ಹೋಗಿ ನೋಡುತ್ತಿದ್ದರು. ಹೆಚ್ಚಿನ ಸಲ ಏನೂ ಇರುತ್ತಿರಲಿಲ್ಲ. ಆದರೂ ಹೋಗಿ ನೋಡುತ್ತಿದ್ದರು, ಅದು ಮಾತ್ರ ಸತ್ಯ. ಇದ್ದರೆ ಕ್ರೇನು ನಿಲ್ಲಿಸುತ್ತಿದ್ದರು. ಕ್ರೇನು ನಿಲ್ಲಿಸುವ ಅಧಿಕಾರ ಅವರೊಬ್ಬರಿಗೇ ಇದ್ದದ್ದು.

ಸುತ್ತೋಲೆ ಬಂದ ಮೇಲೆ ಇದಿನಬ್ಬ ಫೋನಿಗೆ ಬಾಯಿ ಹಚ್ಚಿ ಮಾತಾಡಲು ಕಲಿತ. ಫೋನು ತಾನೇ ಅಕ್ಷರ ಮಾಡುತ್ತದಂತೆ. ಅವನ ದೂರುಗಳಿಗೆ ಚುಕ್ಕಿ ಇಲ್ಲ, ಕೊನೆ ಇಲ್ಲ. "ಸಾರ್ ಒಂದನೇ ಕ್ರೇನಿನ ಗಾಜು ಒಡೆದು ಹೋಗಿ ಡ್ರೈವರಿಗೆ ಗಾಳಿ ಬಡಿದು ನೆಗಡಿ ಆಗಿ ಅವನು ಸೀನುವಾಗ ದಿಮ್ಮಿ ಅಲ್ಲಾಡ್ತದೆ ಸಾರ್ ಆಮೇಲೆ ನಮ್ಮ ಮನೆಯಲ್ಲಿ ಕೂಡ ಎಲ್ಲರಿಗೂ ನೆಗಡಿ." ಬರೆದು ಮುಗಿಸಿ ಮತ್ತೆ ಬಾಗಿಲಿಗೆ ಬಂದು ನಿಲ್ಲುವುದು.

"ಬಂತಾ ಸಾರ್?"

"ಬಂತು ಮಾರಾಯ."

"ಓದಿದ್ರಾ?"

"ಇದಿನಬ್ಬ, ನೀನು ಬರೆಯುವುದೂ ಉಂಟು, ಬಂದು ಕೇಳುವುದೂ ಉಂಟು ಅಂತಾದ್ರೆ ಈ ಶೀಟು ಯಾಕೆ? ತಾ ಇಲ್ಲಿ ನಿನ್ನ ಫೋನು."

ಶೆಟ್ಟರು ಅವನ ಫೋನಿನಲ್ಲೂ ಗುದ್ದಾಡಿ ಒಂದು ವ್ಯವಸ್ಥೆ ಮಾಡಿದರು. ಇದನ್ನು ನಾನು ಕಣ್ಣಾರೆ ನೋಡಿದೆ, ಯಾಕೆಂದರೆ ಅವರ ಮೇಜು ನನ್ನದರ ಎದುರು. "ನೋಡು. ನೀನು ಬರೆದ ಸಾಲನ್ನು ಯಾರಾದ್ರೂ ಮುಟ್ಟಿದ್ರೆ ನಿನ್ನ ಫೋನು ಹೊಡ್ಕೊಳ್ತದೆ. ನಾನು ಓದಿ 'ನೋಡಿದೆ' ಅಂತ ಹಾಕ್ತೇನೆ, ಆಗ ನಿನಗೆ ಬರ್ತದೆ. ಅದು ಬರುವವರೆಗೆ ನೀನು ಈ ಬಾಗಿಲಿಗೆ ಬರ್ಬಾರ್ದು. ಗೊತ್ತಾಯ್ತಾ?"

"ಗೊತ್ತಾಯ್ತು ಸಾರ್." ಇದಿನಬ್ಬ ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಹೋದ. ಅವನಿಗೂ ಖುಷಿಯೇ. ಶೆಟ್ಟರಿಂದ ತನ್ನ ಫೋನಿಗೆ ಉತ್ತರ ಬರುತ್ತದೆ ಎಂದು ಮನೆಯಲ್ಲಿ ಝುಬೈದಾಳಿಗೆ ತೋರಿಸಿದನಂತೆ.

ಇಷ್ಟರಲ್ಲಿ ಚೆಂಡೆ ಶುರುವಾಗಿತ್ತು. ಸಾಯ್ಬಾ ದೇವರೇ, ಆ ಚೆಂಡೆ! ನಮ್ಮ ಜನ ಬೆಳಗ್ಗೆ ಮನೆಯಿಂದ ಬರುವಾಗ ಬಂಗುಡೆ ಎನ್ನುತ್ತಾರೆ. ದೋಣಿಗಳ ಧಕ್ಕೆಯಲ್ಲಿ ತಾಜಾ ಬೂತಾಯಿ ಬಂದಿದೆ ಎಂದು ಯಾರೋ ಹೇಳಿದರೆ ಎಲ್ಲರೂ ಬೂತಾಯಿ. ಅಷ್ಟರಲ್ಲಿ ಹೋಟೆಲಿನವ ಅಂಜಲ್ ತವಾ ಫ್ರೈ ಉಂಟು ಎನ್ನುತ್ತಾನೆ, ಅರ್ಧ ಜನ ಅಂಜಲಿಗೆ ಹಾರುತ್ತಾರೆ. ಬೆಲೆ ಕೇಳಿ ಮತ್ತೆ ಬಂಗುಡೆಗೆ ಇಳಿಯುತ್ತಾರೆ. ಇದೆಲ್ಲ ಮೊದಲು ನನ್ನ ಕಿವಿಯಲ್ಲಿ ಮುಗಿಯುತ್ತಿತ್ತು. ಈಗ ಪ್ರತಿಯೊಂದು ಮೀನೂ ಶೆಟ್ಟರ ಜೇಬಿನಲ್ಲಿ ರಾಜನ ಹಾಗೆ ಪ್ರವೇಶ ಮಾಡತೊಡಗಿತು. ಅವರೋ ಗಂಭೀರವಾಗಿ ಫೋನು ತೆಗೆದು, ಕನ್ನಡಕ ಏರಿಸಿ, ಓದಿ, "ಹ್ಞೂಂ" ಎಂದು ಒಪ್ಪಿಗೆ ಕೊಡುವುದು. ಯಾರೂ ಒಪ್ಪಿಗೆ ಕೇಳಿರಲಿಲ್ಲ.

"ಶೆಟ್ರೇ, ಮೀನಿನ ಪುಟಕ್ಕಾದರೂ ನಿಲ್ಲಿಸಿ ಮಾರಾಯ್ರೆ" ಎಂದೆ.

"ಒಲಿಂಡಾ, ಇವತ್ತು ಮೀನು ಬಿಟ್ರೆ ನಾಳೆ ದಿಮ್ಮಿ ಬಿಡ್ಬೇಕಾಗ್ತದೆ" ಎಂದರು. ಬಹಳ ತೂಕದ ಮಾತು. ಅರ್ಥ ಏನೆಂದು ಅವರಿಗೂ ಗೊತ್ತಿದ್ದಿರಲಿಕ್ಕಿಲ್ಲ. ನಿಲ್ಲಿಸುವುದು ಹೇಗೆಂದು ಅವರಿಗೆ ತಿಳಿಯದು, ಸಂಚಿತಾಳನ್ನು ಕೇಳಲು ಮನೆತನ ಬಿಡದು, ವಿಷಯ ಇಷ್ಟೇ.

ಮಾನ ಹೋದದ್ದು ಶಕ್ತಿನಗರದಲ್ಲಿ. ಕುಶಲಕ್ಕನ ದೊಡ್ಡಪ್ಪ ತೀರಿಕೊಂಡು ಅವರ ಬೊಜ್ಜ. ಸರಿಯಾದ ಹೇಳಿಕೆಯೇ ಆಗಿತ್ತು, ಹಾಗಾಗಿ ಶೆಟ್ಟರು ಬಿಳಿ ಪಂಚೆ ಉಟ್ಟು ಮುಂದಿನ ಸಾಲಿನಲ್ಲೇ ಕುಳಿತಿದ್ದರು. ಸತ್ತವರ ಗುಣಗಾನ ಮುಗಿಸಿ, ಒಂದು ನಿಮಿಷ ಮೌನ ಎಂದು ಎಲ್ಲರೂ ಎದ್ದು ನಿಂತರು. ತಲೆ ತಗ್ಗಿತು. ಫೋಟೋದ ಎದುರು ಊದುಬತ್ತಿಯ ಹೊಗೆ. ಆಗ ಶೆಟ್ಟರ ಜೇಬಿನಿಂದ ಚೆಂಡೆ.

ಒಂದಲ್ಲ. ಅದು ನಮ್ಮ ಹೋಟೆಲಿನವ ಕಾಣೆ ಮೀನು ಖಾಲಿ ಎಂದ ಹೊತ್ತು. ಪೆಟ್ಟಿನ ಮೇಲೆ ಪೆಟ್ಟು. ಶೆಟ್ಟರು ಫೋನು ನಿಲ್ಲಿಸಲು ಹೋಗಿ ಕೈ ಜಾರಿ ಅದು ಅಳಿಯ ಶೋಭಿತನ ಕಾಲಬುಡಕ್ಕೆ ಬಿತ್ತು. ಹುಡುಗ ಎತ್ತಿದ, ನೋಡಿದ.

"ಎಂತ ಮಾವ, ಅರ್ಜೆಂಟಾ?"

"ಬಂದರಿನ ವಿಷಯ. ಕೊಡು ಇಲ್ಲಿ."

"ಒಲಿಂಡಾ ಅಂತ ಉಂಟು ಮಾವ. 'ಕಾಣೆ ಮುಗಿಯಿತು, ಅಂಜಲ್ ಆದೀತಾ?' ಅಂತ ಕೇಳ್ತಿದ್ದಾರೆ."

ಮೌನ ಅಲ್ಲಿಗೆ ಮುಗಿಯಿತು. ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು, ವಿಧವೆ ದೊಡ್ಡಮ್ಮ ಜೋರಾಗಿ ಅತ್ತರು, ಒಬ್ಬ ಮುದುಕರು "ಅಂಜಲೇ ಒಳ್ಳೆದು" ಎಂದರು. ಅದಕ್ಕಿಂತ ಹೆಚ್ಚಾಗಿ, ಈ ಒಲಿಂಡಾ ಯಾರು ಎಂಬ ಪ್ರಶ್ನೆ ಬೊಜ್ಜದ ಊಟದ ಎಲೆಯಿಂದ ಎಲೆಗೆ ಹೋಗಿ ಕುಶಲಕ್ಕನ ಕಿವಿಗೆ ಬಿತ್ತು. ಮರುದಿನ ಬೆಳಗ್ಗೆ ಕುಶಲಕ್ಕ ನನಗೆ ಫೋನು ಮಾಡಿದರು. ನನ್ನ ವಯಸ್ಸು, ನನ್ನ ಮಂಡಿನೋವು, ಮೂವರು ಮೊಮ್ಮಕ್ಕಳು ಎಲ್ಲ ವಿವರಿಸಿದ ಮೇಲೆ ಸಮಾಧಾನವಾಗಿ, ಗಂಡನಿಗೆ ಒಂದೇ ಮಾತು ಹೇಳಿದರಂತೆ. "ಆ ಚೆಂಡೆ ಇನ್ನೊಮ್ಮೆ ಕೇಳಿದ್ರೆ ಫೋನು ಬಾವಿಗೆ."

ಶೆಟ್ಟರು ಆ ದಿನವೂ ಸಂಚಿತಾಳನ್ನು ಕೇಳಲಿಲ್ಲ. ತಾವೇ ಏನೋ ಮಾಡಿ, ಶೀಟಿನಿಂದ ಬರುವ ಎಲ್ಲ ಸಂದೇಶಗಳೂ ಸದ್ದಿಲ್ಲದೆ ಒಂದು ಬೇರೆ ಪೆಟ್ಟಿಗೆಗೆ ಹೋಗಿ ಬೀಳುವಂತೆ ಮಾಡಿದರು. ಆ ಪೆಟ್ಟಿಗೆಗೆ ಹೆಸರು ಕೊಡಬೇಕಿತ್ತಂತೆ. "ಅತಿ ಮುಖ್ಯ" ಎಂದು ಕೊಟ್ಟರು. ಒಮ್ಮೆಯೂ ತೆರೆಯಲಿಲ್ಲ. ಈ ಸುಖಜೀವನದ ಸುದ್ದಿಯನ್ನು ಅವರು ಯಾರಿಗೂ ಹೇಳಲಿಲ್ಲ. ಯಾರಾದರೂ ಕೇಳಿದರೆ ಉತ್ತರ ಸಿದ್ಧವಿತ್ತು, "ಬಂತು ಬಂತು, ಎಲ್ಲಾ ಬರ್ತದೆ."

ಹೀಗೆ ಕೆಲವು ದಿನ ಕಳೆದು ಸಂಕ್ರಮಣ ಬಂತು. ಮೀನು ತಿನ್ನುವ ಹಾಗಿಲ್ಲ ಎಂಬುದು ಅರ್ಧ ಆಫೀಸಿಗೆ ನೆನಪಾದದ್ದು ಆರ್ಡರು ಕೊಟ್ಟ ಮೇಲೆ. ಎಲ್ಲರೂ ಒಟ್ಟಿಗೆ ಶೀಟಿಗೆ ನುಗ್ಗಿ ಬಂಗುಡೆ ಅಳಿಸಿ ಸಾಂಬಾರು ಬರೆಯುತ್ತಿದ್ದರು. ಆ ಗಲಾಟೆಯ ನಡುವೆ ಇದಿನಬ್ಬನ ಒಂದು ಸಾಲು ದೂರಿನ ಪುಟದಲ್ಲಿ ಬಿತ್ತು. ಆಮೇಲೆ ನಾನು ಅದನ್ನು ಬಹಳ ಸಲ ಓದಿದ್ದೇನೆ. ಅದರಲ್ಲಿ ನೆಗಡಿ ಇಲ್ಲ, ಹಾವು ಇಲ್ಲ.

"ಸಾರ್ ಎರಡನೇ ಕ್ರೇನಿನ ಕಬ್ಬಿಣದ ಹಗ್ಗದ ಎಳೆ ಕಡಿದಿದೆ ಕೈಗೆ ಚುಚ್ಚುತ್ತದೆ ಇವತ್ತು ಎತ್ತುವುದು ಬೇಡ ನೀವು ಬಂದು ನೋಡಿ."

ಅವನು ಕಾದ. ಫೋನು ಹೊಡೆದುಕೊಳ್ಳಲಿಲ್ಲ. ಬಾಗಿಲಿಗೆ ಬರಬಾರದು ಎಂದಿತ್ತಲ್ಲ, ಹಾಗಾಗಿ ಸುತ್ತು ಹಾಕಿ ನನ್ನ ಕಿಟಕಿಯ ಹೊರಗೆ ಬಂದು ನಿಂತ.

"ಒಲಿಂಡಾ ಬಾಯಮ್ಮ, ಸಾರ್‌ಗೆ ಬಂತಾ ಕೇಳಿ ಒಮ್ಮೆ. ನನಗೆ ಏನೂ ಬರ್ಲಿಲ್ಲ."

"ಶೆಟ್ರೇ, ಇದಿನಬ್ಬಂದು ಬಂತಾ?"

ಶೆಟ್ಟರು ಪೇಪರಿನಿಂದ ತಲೆ ಎತ್ತಲಿಲ್ಲ. "ಬಂತು ಬಂತು. ಎಲ್ಲಾ ಬರ್ತದೆ."

"ಬಂದಿದೆಯಂತೆ" ಎಂದೆ.

"ಮತ್ತೆ ಎಂತದೂ ಹೇಳಲಿಲ್ವಾ?" ಎಂದು ಇದಿನಬ್ಬ ಸ್ವಲ್ಪ ಹೊತ್ತು ಕಿಟಕಿಯ ಸರಳು ಹಿಡಿದು ನಿಂತ. ಅಷ್ಟರಲ್ಲಿ ಯಾರ್ಡಿನಿಂದ ಪೃಥ್ವಿರಾಜನ ಕೂಗು, ಲಾರಿ ಕಾಯುತ್ತಾ ಉಂಟು ಎಂದು. ಇದಿನಬ್ಬ ಹಗ್ಗದ ವಿಷಯವನ್ನೂ, ಬರೆದದ್ದು ಶೆಟ್ಟರಿಗೆ ಬಂದಿದೆಯಂತೆ ಎಂಬುದನ್ನೂ ಅವನಿಗೆ ಹೇಳಿದ. ಪೃಥ್ವಿರಾಜ್ ಹೇಳಿದ್ದು ನನಗೆ ಕಿಟಕಿಯಲ್ಲೇ ಕೇಳಿತು. "ಶೆಟ್ರು ನೋಡಿದ್ದಾರಲ್ಲ? ತೊಂದರೆ ಇದ್ರೆ ನಿಲ್ಲಿಸ್ತಿದ್ರು. ಎತ್ತು ಎತ್ತು."

ಎತ್ತಿದರು. ಎರಡನೆಯ ದಿಮ್ಮಿ ಎತ್ತುವಾಗ ಹಗ್ಗ ಕಡಿದು ಹೋಯಿತು.

ಆ ಸದ್ದನ್ನು ನಾನು ವರ್ಣಿಸುವುದಿಲ್ಲ. ಸಾಂಬಾರಿನ ಊಟದ ಪೊಟ್ಟಣಗಳು ಬಂದು ನನ್ನ ಮೇಜಿನ ಮೇಲೆ ಸಂಜೆಯವರೆಗೆ ಹಾಗೇ ಇದ್ದವು. ಆ್ಯಂಬುಲೆನ್ಸ್ ಹೋಗುವಾಗ ಶೆಟ್ಟರು ಗೇಟಿನ ಹತ್ತಿರ ಒಂದು ಕಾಲಿಗೆ ಮಾತ್ರ ಚಪ್ಪಲಿ ಹಾಕಿಕೊಂಡು ನಿಂತಿದ್ದರು. "ನನಗೆ ಯಾರೂ ಹೇಳಲಿಲ್ಲ" ಎನ್ನುತ್ತಿದ್ದರು. ಅವರು ಅದನ್ನು ನಂಬಿಯೇ ಹೇಳುತ್ತಿದ್ದರು, ಅದೇ ದೊಡ್ಡ ಕಷ್ಟ.

ಇದಿನಬ್ಬನ ಬಲಗಾಲನ್ನು ಮಂಡಿಯ ಮೇಲಿನಿಂದ ತೆಗೆದರು. ಜೀವ ಉಳಿಯಿತು.

ಆಮೇಲೆ ಅಧಿಕಾರಿಗಳ ಮೆರವಣಿಗೆ. ಪೊಲೀಸರು ಬಂದರು, ಹಗ್ಗ ನೋಡಿದರು, ಚಹಾ ಕುಡಿದರು. ವಿಮೆಯವರು ಬಂದರು, ಹಗ್ಗದ ಫೋಟೋ ತೆಗೆದರು, ಚಹಾದಲ್ಲಿ ಸಕ್ಕರೆ ಬೇಡ ಎಂದರು. ಕಾರ್ಮಿಕ ಇಲಾಖೆಯವರು ಸೋಮವಾರ ಬರುತ್ತಾರೆ ಎಂದು ಫೋನು ಬಂತು. ಎಲ್ಲರಿಗೂ ಪೃಥ್ವಿರಾಜನದು ಒಂದೇ ಮಾತು. "ಮೇಸ್ತ್ರಿ ನೋಡಬೇಕಿತ್ತು. ನೋಡಿ ಹೇಳಬೇಕಿತ್ತು. ಅವನು ಹೇಳಲೇ ಇಲ್ಲ." ಮೇಸ್ತ್ರಿಯದೇ ತಪ್ಪು ಎಂದಾದರೆ ಕಂಪೆನಿಯಿಂದ ಆಸ್ಪತ್ರೆಯ ಖರ್ಚೂ ಇಲ್ಲ, ಮುಂದೆ ಅವನಿಗೆ ಗೇಟಿನಲ್ಲಿ ಕೂರುವ ಕೆಲಸವೂ ಇಲ್ಲ. ಒಂಟಿ ಕಾಲಿನ ಮನುಷ್ಯ ಮನೆಯಲ್ಲಿ ಕುಳಿತು ಬಿಸಿಲು ಕಾಯಬೇಕು.

ಇದಕ್ಕೆ ಅಡ್ಡಿ ಎಂದರೆ ಆ ಒಂದು ಸಾಲು. ಪೃಥ್ವಿರಾಜ್ ಸಂಚಿತಾಳನ್ನು ಕರೆದು ಬಾಗಿಲು ಹಾಕಿದ. ಸಂಚಿತಾ ಬಾಗಿಲು ತೆಗೆದು ಹೊರಗೆ ಬಂದು ಎಲ್ಲರಿಗೂ ಕೇಳುವ ಹಾಗೆ ಹೇಳಿದಳು. "ನಾನು ಅದನ್ನು ಮುಟ್ಟುವುದಿಲ್ಲ ಸಾರ್. ಬೇಕಾದ್ರೆ ಕೆಲಸ ಬಿಡ್ತೇನೆ." ಚಿನ್ನದಂಥ ಹುಡುಗಿ. ತನ್ನ ಕೈಗೆ ಮಸಿ ಮಾಡಿಕೊಳ್ಳುವ ಜನವಲ್ಲ ಪೃಥ್ವಿರಾಜ್, ಆಮೇಲೆ ಶೆಟ್ಟರನ್ನು ಕರೆದು ಬಾಗಿಲು ಹಾಕಿದ. ಆ ಬಾಗಿಲು ಬಹಳ ಹೊತ್ತು ತೆರೆಯಲಿಲ್ಲ.

ಶನಿವಾರ ಆಫೀಸಿನ ಪರವಾಗಿ ಶೆಟ್ಟರೂ ನಾನೂ ಆಸ್ಪತ್ರೆಗೆ ಹೋದೆವು. ಸೇಬು, ಕಿತ್ತಳೆ, ಒಂದು ಬಿಸ್ಕತ್ತಿನ ಡಬ್ಬ. ವಾರ್ಡಿನ ಹೊರಗಿನ ಬೆಂಚಿನ ಹತ್ತಿರ ಶೆಟ್ಟರಿಗೆ ಫೋನು ಬಂತು. ಚೆಂಡೆ ಅಲ್ಲ, ಸಾಮಾನ್ಯ ಸದ್ದು.

"ಹೌದು ಪೃಥ್ವಿರಾಜ್. ಇಲ್ಲ, ಇನ್ನೂ ಇಲ್ಲ. ಸೋಮವಾರದೊಳಗೆ... ಹೌದು, ನನ್ನ ಕೆಲಸದ ಪ್ರಶ್ನೆಯೂ ಉಂಟು, ಗೊತ್ತುಂಟು. ಈಗಲೇ? ಆಯ್ತು."

ಅವರು ಕನ್ನಡಕ ಏರಿಸಿ ಫೋನನ್ನು ತಿವಿಯತೊಡಗಿದರು. ನನಗೆ ಅರ್ಥವಾಯಿತು.

"ಶೆಟ್ರೇ, ಬೇಡ. ದೇವರು ಮೆಚ್ಚುವುದಿಲ್ಲ."

"ನಿನಗೆ ನಿವೃತ್ತಿಗೆ ಎಷ್ಟು ಸಮಯ ಉಂಟು ಒಲಿಂಡಾ?"

"ಅದಕ್ಕೂ ಇದಕ್ಕೂ ಎಂತ ಸಂಬಂಧ?"

"ನನಗೆ ಇನ್ನೂ ಉಂಟು" ಎಂದರು. ಎರಡು ಸಲ ತಪ್ಪು ಜಾಗ ಒತ್ತಿದರು. ಮೂರನೆಯ ಸಲ ಸರಿಯಾಗಿ ಒತ್ತಿರಬೇಕು, ಯಾಕೆಂದರೆ ಫೋನನ್ನು ಜೇಬಿಗೆ ಹಾಕಿ, ಹಣ್ಣಿನ ಚೀಲವನ್ನು ನನ್ನ ಕೈಯಿಂದ ತೆಗೆದುಕೊಂಡರು. ಬಾಗಿಲು ದೂಡಿ ಒಳಗೆ ಹೋಗುವಾಗ ಮುಖಕ್ಕೆ ನಗುವನ್ನೂ ಹಾಕಿಕೊಂಡಿದ್ದರು.

ಇದಿನಬ್ಬ ಒರಗಿ ಕುಳಿತಿದ್ದ. ಹೊದಿಕೆ ಒಂದು ಬದಿಯಲ್ಲಿ ಎದ್ದಿತ್ತು, ಇನ್ನೊಂದು ಬದಿಯಲ್ಲಿ ಚಪ್ಪಟೆಯಾಗಿ ಮಂಚಕ್ಕೆ ಅಂಟಿತ್ತು. ಝುಬೈದಾ ಎದ್ದು ಸ್ಟೂಲು ಶೆಟ್ಟರತ್ತ ಸರಿಸಿದಳು.

"ಕೂತ್ಕೊಳ್ಳಿ ಸಾರ್. ನಿಮ್ಮದೇ ಮಾತು ಆಡ್ತಿದ್ದೆವು. ಇವರು ಮೂರು ದಿನದಿಂದ ಒಂದೇ ಮಾತು, ನಾನು ಸರಿ ಹಾಕಿದೆನೋ ಇಲ್ಲವೋ ಅಂತ."

"ಸಾರ್, ಮ್ಯಾನೇಜರ್ ಹೇಳ್ತಾರೆ ನಾನು ಬರೆಯಲೇ ಇಲ್ಲವಂತೆ" ಎಂದ ಇದಿನಬ್ಬ. ಅವನ ದೊಡ್ಡ ಬಾಯಿಯಲ್ಲಿ ಸಣ್ಣ ಸ್ವರ. "ನಾನು ಬಾಯಲ್ಲಿ ಹೇಳಿದ್ದು. ಅದು ಅಕ್ಷರ ಆಯ್ತೋ ಇಲ್ವೋ ನನಗೆ ಸರಿ ನೆನಪಿಲ್ಲ. ನನ್ನದೇ ತಪ್ಪಾ ಅಂತ ನಿದ್ದೆ ಬರುವುದಿಲ್ಲ. ನೀವೇ ಹೇಳಿ. ನಿಮಗೆ ಬಂತಾ ಸಾರ್?"

ಶೆಟ್ಟರು ಹಣ್ಣಿನ ಚೀಲವನ್ನು ತೊಡೆಯ ಮೇಲೆ ಇಟ್ಟುಕೊಂಡರು. ಕಿತ್ತಳೆ ಎಣಿಸುವವರ ಹಾಗೆ ಒಳಗೆ ನೋಡಿದರು.

"ಇಲ್ಲ ಇದಿನಬ್ಬ" ಎಂದರು. "ಬರಲಿಲ್ಲ. ನನಗೆ ಯಾರೂ..."

ದಿಂಬಿನ ಪಕ್ಕದಲ್ಲಿ ಇದಿನಬ್ಬನ ಫೋನು ಹೊಡೆದುಕೊಂಡಿತು.

ಆಸ್ಪತ್ರೆಯ ಒಳಗೆ ನೆಟ್ವರ್ಕು ನಿಧಾನ, ಎಲ್ಲವೂ ತಡವಾಗಿ ಬರುತ್ತದೆ. ಝುಬೈದಾ ಫೋನು ಎತ್ತಿಕೊಂಡಳು. ಹತ್ತನೆಯವರೆಗೆ ಕನ್ನಡ ಶಾಲೆಯಲ್ಲಿ ಓದಿದವಳು, ಒಂದೊಂದೇ ಶಬ್ದ ಬಿಡಿಸಿ, ಸ್ಪಷ್ಟವಾಗಿ ಓದಿದಳು.

"ನಿಮ್ಮ ಸಾಲನ್ನು ಮಹಾಬಲ ಶೆಟ್ಟಿ, ಯಾರ್ಡ್ ಆಫೀಸರ್, ಅಳಿಸಿದ್ದಾರೆ. ಅಳಿಸಿದ ಸಾಲು. ಸಾರ್ ಎರಡನೇ ಕ್ರೇನಿನ ಕಬ್ಬಿಣದ ಹಗ್ಗದ ಎಳೆ ಕಡಿದಿದೆ ಕೈಗೆ ಚುಚ್ಚುತ್ತದೆ ಇವತ್ತು ಎತ್ತುವುದು ಬೇಡ ನೀವು ಬಂದು ನೋಡಿ."

ಹುದ್ದೆಯನ್ನೂ ಬಿಡದೆ ಪೂರ್ತಿ ಹೆಸರು. ಸಂಚಿತಾ ಅಂದೇ ಜಾಗ ದೊಡ್ಡ ಮಾಡಿ ಕೊಟ್ಟಿದ್ದಳು.

ಶೆಟ್ಟರ ತೊಡೆಯಿಂದ ಚೀಲ ಜಾರಿ ಕಿತ್ತಳೆಗಳು ಮಂಚದ ಅಡಿಗೆ ಉರುಳಿದವು. ಯಾರೂ ಹೆಕ್ಕಲಿಲ್ಲ. ಇದಿನಬ್ಬ ಹೆಂಡತಿಯ ಕೈಯಿಂದ ಫೋನು ತೆಗೆದುಕೊಂಡು ತಾನೊಮ್ಮೆ ನೋಡಿದ, ಹೊದಿಕೆಯ ಚಪ್ಪಟೆ ಬದಿಯನ್ನೊಮ್ಮೆ ನೋಡಿದ. ಆಮೇಲೆ ಶೆಟ್ಟರ ಮುಖ ನೋಡಿ ಹೇಳಿದ, ಅವರಿಗೆ ಹೇಗೆ ಹೇಳಬೇಕೋ ಹಾಗೆಯೇ.

"ಬಂತು ಸಾರ್. ಈಗ ಬಂತು."